ಕೆಳಗದ್ದೆಯ ಒಕ್ಕಲುಗಳು

ಮನೆಯ ಕೆಳಗಿನ ಒಂದೂಕಾಲು ಎಕರೆ ಗದ್ದೆಯನ್ನು ಅಡಿಕೆ ತೋಟ ಮಾಡೋಣ ಎಂದು ಅಣ್ಣ ಹೇಳಲು ಶುರುಮಾಡಿ ನಾಲ್ಕು ವರ್ಷವಾಯಿತು. ಖಾತೆ ನಮ್ಮಿಬ್ಬರ ಹೆಸರಿನಲ್ಲಿದೆ. ಸಾಲದ ಅರ್ಜಿಗೆ ನನ್ನ ಸಹಿಯೂ ಬೇಕು. ಅಣ್ಣ ಹೇಳುವುದರಲ್ಲಿ ಒಂದು ಮಾತೂ ಸುಳ್ಳಲ್ಲ. ನಾಟಿಗೆ ಜನ ಸಿಗುವುದಿಲ್ಲ, ಸಿಕ್ಕವರಿಗೆ ಕೊಡುವ ಕೂಲಿ ಭತ್ತದಲ್ಲಿ ಹುಟ್ಟುವುದಿಲ್ಲ, ಉಳಿದದ್ದನ್ನು ಹಂದಿ ಮತ್ತು ನವಿಲು ಹಂಚಿಕೊಳ್ಳುತ್ತವೆ. ತೀರ್ಥಹಳ್ಳಿ ಕಡೆಯ ನಮ್ಮೂರಿನಲ್ಲಿ ಈಗ ಗದ್ದೆ ಇಟ್ಟುಕೊಂಡವರನ್ನು ಕೈಯಲ್ಲಿ ಎಣಿಸಬಹುದು. ಹೋದ ವರ್ಷ ದೀಪಾವಳಿಗೆ ಹೋದಾಗ ಅಣ್ಣ ಕಾಗದಗಳನ್ನು ಜಗುಲಿಯ ಮೇಲೆ ಹರಡಿಕೊಂಡು, "ಆ ಗದ್ದೇಲಿ ಅಂಥಾದ್ದು ಎಂಥದಿದೆ ಮಾರಾಯ್ತಿ, ನೀನು ಹಿಂಗೆ ಹಿಡ್ಕೊಂಡು ಕೂತಿರೋಕೆ?" ಎಂದು ಕೇಳಿದ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವಳು. ಗದ್ದೆಯಲ್ಲಿ ಎಂಥದಿದೆ ಎಂದು ಕೇಳಿದರೆ ಪಟ್ಟಿ ಕೊಡುವ ಚಟ ನನಗಿದೆ. ಆದರೆ ಅಣ್ಣ ಪಟ್ಟಿ ಕೇಳಿರಲಿಲ್ಲ. ಅಲ್ಲಿರುವವಕ್ಕೆ ನಮ್ಮ ಗದ್ದೆಯೇ ಯಾಕೆ ಬೇಕು, ಪಕ್ಕದ ಕಾಡು ಸಾಲದೇ ಎಂಬುದು ಅವನ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆ.

ಮೊದಲು ಮೀನಿನ ವಿಷಯ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆಯವರಿಗೆ ಮೀನೆಂದರೆ ಕಿವಿ ನೆಟ್ಟಗಾಗುತ್ತದೆ. ಮೃಗಶಿರಾ ಮಳೆ ಹಿಡಿದು ಹಳ್ಳ ಕೆಂಪಾಗಿ ಬಂದ ಮೊದಲ ಎರಡು ಮೂರು ರಾತ್ರಿ ಹೊಳೆಯ ಮೀನು ಹಳ್ಳಕ್ಕೂ, ಹಳ್ಳದ ಮೀನು ಗದ್ದೆಗೂ ಹತ್ತುತ್ತದೆ. ಹತ್ತುಮೀನು ಎಂಬ ಹೆಸರು ಬಂದದ್ದೇ ಅದರಿಂದ. ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ನೀರು ಧುಮುಕುವ ಕಡೆ ಅವು ಬಾಲ ಬಡಿದು ಹಾರುತ್ತವೆ. ಅಪ್ಪ ಅಲ್ಲಿಯೇ ಬಿದಿರಿನ ಕೂಣಿ ಇಡುತ್ತಿದ್ದರು. ಗ್ಯಾಸ್‌ಲೈಟಿನ ಬೆಳಕಿನಲ್ಲಿ ಕೊಡೆ ಹಿಡಿದು ನಿಲ್ಲುವುದು ನನ್ನ ಕೆಲಸ. ಈ ಮೀನು ಯಾಕೆ ಹತ್ತುತ್ತದೆ ಎಂದು ಆಗ ಯಾರೂ ಕೇಳುತ್ತಿರಲಿಲ್ಲ, ಸಾರಿಗೆ ಬರಲಿಕ್ಕೆ ಎಂದೇ ನಂಬಿದ್ದೆವು.

ಅವು ಬರುವುದು ಮೊಟ್ಟೆ ಇಡಲಿಕ್ಕೆ. ಹೊಳೆಯಲ್ಲಿ ಆ ಹೊತ್ತಿಗೆ ನೀರಿನ ಸೆಳೆತ. ಮೊಟ್ಟೆಯೂ ನಿಲ್ಲುವುದಿಲ್ಲ, ಮರಿಯೂ ನಿಲ್ಲುವುದಿಲ್ಲ. ಗದ್ದೆಯಲ್ಲಿ ಗೇಣುದ್ದದ ನೀರು, ಬೆಚ್ಚಗೆ, ಗಾಳಿ ಬಿಟ್ಟರೆ ಅಲುಗಾಟವಿಲ್ಲ. ಬೇಸಿಗೆಯಲ್ಲಿ ಬಿದ್ದ ಸಗಣಿ, ಕೊಳೆತ ಕೂಳೆ, ತರಗೆಲೆ ಎಲ್ಲವೂ ನೆನೆದು ಕಣ್ಣಿಗೆ ಕಾಣದ ಜೀವಿಗಳು ಹುಟ್ಟುತ್ತವೆ. ಮೀನುಮರಿಗೆ ಮೊದಲ ತುತ್ತು ಅವು. ಆಮೇಲೆ ಸೊಳ್ಳೆಯ ಹುಳ. ನಾಟಿಯಾದ ಮೇಲೆ ಸಸಿಯ ಬುಡದಲ್ಲಿ ಕೊಕ್ಕರೆಯ ಕಣ್ಣು ತಪ್ಪಿಸಲಿಕ್ಕೆ ನೆರಳು. ಮಳೆ ಇಳಿಯುವ ಹೊತ್ತಿಗೆ ಮರಿ ಬಲಿತು ನೀರಿನ ಜೊತೆಗೇ ಹಳ್ಳಕ್ಕೆ ವಾಪಸು. ಅಂದರೆ ಗದ್ದೆ ಅವುಗಳ ಬಾಣಂತಿಕೋಣೆ. ಹೊಳೆಯಲ್ಲಿ ವರ್ಷವಿಡೀ ನೀರಿದೆಯಲ್ಲ ಎಂದರೆ ಅದು ಈ ಮಾತಿಗೆ ಉತ್ತರವಾಗುವುದಿಲ್ಲ.

ಎಲ್ಲವೂ ವಾಪಸು ಹೋಗುವುದಿಲ್ಲ. ಕೆಳಗದ್ದೆಯ ಮೂಲೆಯಲ್ಲಿ ಒಂದು ಒರತೆ ಗುಂಡಿಯಿದೆ. ಅದರಲ್ಲಿ ಮುಗುಡು ಮತ್ತು ಅವಲು ಮೀನು ಬೇಸಿಗೆಯಲ್ಲೂ ಉಳಿಯುತ್ತವೆ. ಏಪ್ರಿಲ್ ಹೊತ್ತಿಗೆ ಅಲ್ಲಿರುವುದು ನೀರಲ್ಲ, ಕಾಫಿ ಚರಟ. ಅಂಥ ನೀರಿನಲ್ಲಿ ಆಮ್ಲಜನಕ ಎಲ್ಲಿಂದ ಬರಬೇಕು? ಈ ಎರಡು ಜಾತಿಗಳೂ ಕಿವಿರಿನ ಜೊತೆಗೆ ಇನ್ನೊಂದು ಅಂಗ ಇಟ್ಟುಕೊಂಡಿವೆ, ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗಿ ಹೋಗುತ್ತವೆ. ಅವಲು ಮೀನಿಗಂತೂ ಗಾಳಿ ಸಿಗಲೇಬೇಕು. ಮೇಲೆ ಬರಲು ಬಿಡದಂತೆ ಬಲೆ ಹಾಸಿಬಿಟ್ಟರೆ ಆ ಮೀನು ನೀರಿನೊಳಗೇ ಉಸಿರುಕಟ್ಟಿ ಸಾಯುತ್ತದೆ. ಮೀನು ಮುಳುಗಿ ಸತ್ತಿತು ಎಂದು ಮಕ್ಕಳಿಗೆ ಹೇಳಿದರೆ ನಗುತ್ತಾರೆ, ನಗಲಿ, ಮರೆಯುವುದಿಲ್ಲ. ಮಳೆಗಾಲದಲ್ಲಿ ಇದೇ ಅವಲು ತನ್ನ ಕೆಂಪು ಮರಿಗಳ ಗುಂಪಿನ ಕೆಳಗೆ ಕಾವಲು ಈಜುವುದನ್ನು ನೋಡಬೇಕು. ಅಮ್ಮ ಅದನ್ನು ತೋರಿಸಿ, ಮರಿ ಮೇಯಿಸುವಾಗ ಹಿಡಿಯಬಾರದು ಎನ್ನುತ್ತಿದ್ದಳು. ಅಪ್ಪ ಆ ಮಾತನ್ನು ಕೇಳದವರ ಹಾಗೆ ಕೇಳುತ್ತಿದ್ದರು.

ಇನ್ನು ಕಪ್ಪೆ. ಕಪ್ಪೆಗೆ ನೀರು ಬೇಕು ಎನ್ನುವುದು ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ಆದರೆ ಎಂಥ ನೀರು, ಎಷ್ಟು ದಿನ, ಎಲ್ಲಿ ಎಂದು ಕೇಳಿದರೆ ಒಂದೊಂದು ಕಪ್ಪೆ ಒಂದೊಂದು ಉತ್ತರ ಕೊಡುತ್ತದೆ. ಮಲಬಾರಿನ ಹಾರುವ ಕಪ್ಪೆ ನೀರಿನ ಮೇಲೆ ಬಾಗಿದ ಕೊಂಬೆಗೆ ಸೋಪಿನ ನೊರೆಯಂಥ ಗೂಡು ಕಟ್ಟುತ್ತದೆ. ಮಳೆಗೆ ನೊರೆ ಕರಗಿದಾಗ ಗೊದಮೊಟ್ಟೆಗಳು ಕೆಳಗೆ ಬೀಳಬೇಕು, ಬಿದ್ದಲ್ಲಿ ನೀರಿರಬೇಕು. ಆದ್ದರಿಂದ ಅದಕ್ಕೆ ಬರೇ ಗುಂಡಿ ಸಾಲದು, ಗುಂಡಿಯ ಮೇಲೆ ಬಾಗಿದ ಗಿಡವೂ ಬೇಕು. ನಮ್ಮ ಒರತೆ ಗುಂಡಿಯ ಪಕ್ಕದ ಪೊದೆಯನ್ನು ಅಣ್ಣ ಪ್ರತಿ ವರ್ಷ ಸವರಿ "ನೀಟ್" ಮಾಡುತ್ತಿದ್ದುದರಿಂದ ನನಗೂ ಅವನಿಗೂ ಆದ ಜಗಳಗಳಿಗೆ ಅತ್ತಿಗೆ ಸಾಕ್ಷಿ. ಇನ್ನು ಪೊದೆಕಪ್ಪೆಗಳಿಗೆ ಗುಂಡಿಯೇ ಬೇಡ. ಒದ್ದೆ ಎಲೆ ಅಥವಾ ತೇವದ ಮಣ್ಣು ಸಾಕು, ಮೊಟ್ಟೆಯೊಳಗೇ ಗೊದಮೊಟ್ಟೆಯ ಬಾಳು ಮುಗಿಸಿ ಉಗುರಿನಷ್ಟು ಕಪ್ಪೆಯಾಗಿಯೇ ಹೊರಬರುತ್ತವೆ. ಉತ್ತರ ಕನ್ನಡದ ಕತ್ತಲೆಕಾನಿನ ತೊರೆಯಲ್ಲಿರುವ ಕುಂಬಾರ ಕಪ್ಪೆಯ ಗಂಡು, ಕೊಂಬೆಯ ಮೇಲಿಟ್ಟ ಮೊಟ್ಟೆಗಳಿಗೆ ಮುಂಗೈಯಿಂದ ಕೆಸರು ಮೆತ್ತುತ್ತದೆ. 2014ರಲ್ಲಿ ಅದಕ್ಕೆ ಹೆಸರಿಟ್ಟವರು ಕನ್ನಡದ ಕುಂಬಾರ ಎಂಬ ಪದವನ್ನೇ ವಿಜ್ಞಾನದ ಹೆಸರಿಗೂ ಕೊಟ್ಟರು. ಎರಡು ವರ್ಷದ ನಂತರ ಮಣಿಪಾಲದ ಮುರಕಲ್ಲಿನ ಹಾಸಿನಲ್ಲಿ ಎರಡು ಸೆಂಟಿಮೀಟರೂ ಇಲ್ಲದ ಇನ್ನೊಂದು ಹೊಸ ಕಪ್ಪೆ ಗೊತ್ತಾಯಿತು. ಕಾಡಲ್ಲ, ಕೆರೆಯಲ್ಲ, ಪಾಳುಜಾಗ ಎಂದು ದಾಖಲೆಗಳು ಕರೆಯುವಂಥ ಕಲ್ಲುನೆಲದಲ್ಲಿ ಮಳೆಗಾಲದಲ್ಲಿ ನಿಲ್ಲುವ ನೀರು ಅದರ ಮನೆ.

ನಮ್ಮ ಗದ್ದೆಯ ದೊಡ್ಡ ಯಜಮಾನ ಗೊಂಕರ ಕಪ್ಪೆ. ವರ್ಷದ ಉಳಿದ ದಿನ ಮಣ್ಣುಬಣ್ಣದಲ್ಲಿ ಎಲ್ಲೋ ಇರುವ ಪ್ರಾಣಿ ಮೊದಲ ದೊಡ್ಡ ಮಳೆಗೆ ಅರಿಶಿನ ಹಚ್ಚಿಕೊಂಡ ಮದುಮಗನ ಹಾಗೆ ಹಳದಿಯಾಗಿ, ಗಲ್ಲದ ಎರಡೂ ಕಡೆ ನೀಲಿ ಬುಗ್ಗೆ ಉಬ್ಬಿಸಿ ಗದ್ದೆಯ ನಡುವೆ ಕೂತು ಕೂಗುತ್ತದೆ. ಇದರ ಕಾಲುಗಳು ಒಂದು ಕಾಲದಲ್ಲಿ ಹಡಗು ಹತ್ತಿ ಯುರೋಪಿನ ತಟ್ಟೆಗಳಿಗೆ ಹೋಗುತ್ತಿದ್ದವು. 1987ರಲ್ಲಿ ಸರ್ಕಾರ ರಫ್ತನ್ನು ನಿಲ್ಲಿಸಿತು. ಗೊಂಕರ ಕಪ್ಪೆಗೆ ಬೇಕಾದದ್ದು ಒಂದು ತಿಂಗಳಿಗೂ ಮಿಕ್ಕಿ ನಿಲ್ಲುವ, ಹರಿಯದ, ಬಿಸಿಲು ಬೀಳುವ ನೀರು. ಅದರ ಗೊದಮೊಟ್ಟೆಗಳು ಪಕ್ಕದ ಗೊದಮೊಟ್ಟೆಗಳನ್ನೇ ತಿಂದು ಬೆಳೆಯುವಂಥ ಒರಟು ಜಾತಿ. ಹಾಗಾಗಿ ಉಳಿದ ಕಪ್ಪೆಗಳೂ ಅಲ್ಲೇ ಮೊಟ್ಟೆ ಇಟ್ಟಿರಬೇಕು. ಕಾಡಿನ ನೆರಳಿನಲ್ಲಿ, ಇಳಿಜಾರಿನಲ್ಲಿ, ಇಂಥ ನೀರು ಎಲ್ಲಿದೆ? ಮಲೆನಾಡಿನಲ್ಲಿ ಇದನ್ನು ಒದಗಿಸುತ್ತಿದ್ದದ್ದು ಭತ್ತದ ಗದ್ದೆ. ಅಣ್ಣನ "ಕಾಡು ಸಾಲದೇ" ಎಂಬ ಪ್ರಶ್ನೆಗೆ ಸಾಲದು ಎಂದು ನಾನು ಧೈರ್ಯವಾಗಿ ಹೇಳುವುದು ಇಲ್ಲಿ.

ಕಪ್ಪೆ ನೀರು ಕುಡಿಯುವುದನ್ನು ಯಾರಾದರೂ ನೋಡಿದ್ದೀರಾ? ನೋಡಿರಲಿಕ್ಕಿಲ್ಲ. ಅದು ಬಾಯಿಂದ ಕುಡಿಯುವುದಿಲ್ಲ. ಹೊಟ್ಟೆಯ ಕೆಳಭಾಗದ, ತೊಡೆಸಂದಿನ ತೆಳುಚರ್ಮವನ್ನು ಒದ್ದೆ ನೆಲಕ್ಕೆ ಒತ್ತಿ ಕೂರುತ್ತದೆ, ನೀರು ಒಳಗೆ ಹೋಗುತ್ತದೆ. ನಮ್ಮ ಬಚ್ಚಲು ಮನೆಯ ಹಂಡೆಯ ಬುಡದಲ್ಲಿ ಕಾಲು ಚಾಚಿ ಅಂಟಿಕೊಂಡು ಕೂತಿರುವ ನೆಲಗಪ್ಪೆ ಸೋಮಾರಿಯಲ್ಲ, ನೀರು ಕುಡಿಯುತ್ತಿದೆ. ಆದ್ದರಿಂದಲೇ ನೆಲಕ್ಕೆ ಏನು ಹಾಕುತ್ತೇವೋ ಅದನ್ನೂ ಕುಡಿಯುತ್ತದೆ. ಹಾವು ಬೇರೆ, ಅದು ಬಾಯಿಯನ್ನು ನೀರಿಗಿಟ್ಟು ಸದ್ದಿಲ್ಲದೆ ಹೀರುತ್ತದೆ. ನಾಗರಪಂಚಮಿಯಲ್ಲಿ ಹಾವಾಡಿಗರ ನಾಗರ ಹಾಲು ಕುಡಿಯಿತು ಎಂದರೆ ಅದಕ್ಕೆ ಬಹಳ ದಿನ ನೀರು ಕೊಟ್ಟಿಲ್ಲವೆಂದು ಅರ್ಥ. ಬಾಯಾರಿದ್ದು ಏನು ಸಿಕ್ಕರೂ ಕುಡಿಯುತ್ತದೆ, ಹಾಲು ಅದಕ್ಕೆ ಅರಗುವುದಿಲ್ಲ. ಗೋಸುಂಬೆ ಎಲೆಯ ಮೇಲಿನ ಹನಿಗಳನ್ನು ನೆಕ್ಕುತ್ತದೆ, ಬಟ್ಟಲಲ್ಲಿ ಇಟ್ಟ ನೀರನ್ನು ಕಂಡೂ ಕಾಣದ ಹಾಗೆ ಹೋಗುತ್ತದೆ.

ಈ ಬಟ್ಟಲಿನ ವಿಷಯ ಬಂದದ್ದು ಒಳ್ಳೆಯದಾಯಿತು. ಬೇಸಿಗೆ ಬಂದರೆ ನಮ್ಮ ಶಾಲೆಯ ಮಕ್ಕಳು ಹಕ್ಕಿಗಳಿಗೆಂದು ಪ್ಲಾಸ್ಟಿಕ್ ಬಕೆಟ್ಟು, ಸ್ಟೀಲ್ ಬೋಗುಣಿ ತುಂಬಿಸಿಡುತ್ತಾರೆ. ಮನಸ್ಸು ದೊಡ್ಡದು, ಆದರೆ ನುಣ್ಣಗಿನ ಅಂಚಿನ ಪಾತ್ರೆಯೊಳಗೆ ಬಿದ್ದ ಹಾವರಾಣಿ, ಓತಿಕೇತ ಮೇಲೆ ಬರಲಾರದು. ಒಂದು ಒರಟು ಕಲ್ಲು ಅಥವಾ ಕೋಲು ಇಳಿಬಿಟ್ಟರೆ ಮುಗಿಯಿತು. ಇದೇ ಕಥೆ ದೊಡ್ಡದಾಗಿ ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡಗಳಲ್ಲಿ, ಸಿಮೆಂಟ್ ರಿಂಗಿನ ಬಾವಿಗಳಲ್ಲಿ ನಡೆಯುತ್ತದೆ. ಹಳೆಯ ಬಾವಿಯ ಕಲ್ಲುಸಂದಿಯಲ್ಲಿ ಕಪ್ಪೆ, ನೀರುಹಾವು, ಆಮೆ ಎಲ್ಲಕ್ಕೂ ಕೂರಲು ಜಾಗವಿರುತ್ತಿತ್ತು. ರಿಂಗಿನ ಬಾವಿ ಅವಕ್ಕೆ ಬರೇ ಬೀಳುವ ಜಾಗ. ದೊಡ್ಡಪ್ಪನ ಹೊಂಡಕ್ಕೆ ನಾವು ಹಳೆಯ ಬಲೆಯೊಂದನ್ನು ದಡದಿಂದ ನೀರಿನವರೆಗೆ ಹಾಸಿದೆವು. ಉಡವೊಂದು ಅದರ ಮೇಲೆ ಹತ್ತಿ ಹೋದದ್ದನ್ನು ದೊಡ್ಡಪ್ಪ ಈಗಲೂ ಮದುವೆಮನೆಗಳಲ್ಲಿ ಹೇಳುತ್ತಿರುತ್ತಾರೆ, ಪ್ರತಿ ಸಲವೂ ಉಡ ಒಂದಡಿ ಬೆಳೆಯುತ್ತದೆ.

ಊಟ ಕೊಡುವುದರಲ್ಲೂ ನಮ್ಮದು ಹೀಗೆಯೇ. ಶೃಂಗೇರಿಯ ತುಂಗೆಯಲ್ಲಿ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಲ್ಲಿ, ಘಟ್ಟದ ಕೆಳಗೆ ಶಿಶಿಲದಲ್ಲಿ ದೇವರ ಮೀನುಗಳಿಗೆ ಮಂಡಕ್ಕಿ ಎಸೆಯದೆ ಬಂದವರುಂಟೇ? ನಾನೂ ಎಸೆದಿದ್ದೇನೆ. ದೇವರ ಹೆಸರು ಇಲ್ಲದಿದ್ದರೆ ಆ ಮೀನುಗಳು ಎಂದೋ ಮುಗಿಯುತ್ತಿದ್ದವು ಎಂಬುದೂ ನಿಜ. ಆದರೆ ಅವು ಬದುಕಿರುವುದು ಮಂಡಕ್ಕಿಯಿಂದಲ್ಲ. ಬೇಸಿಗೆಯಲ್ಲೂ ಬತ್ತದ ಆಳದ ಮಡು, ಕಲ್ಲಿಗೆ ಬಡಿದು ಗಾಳಿ ತುಂಬಿಕೊಂಡು ಬರುವ ನೀರು, ಮೊಟ್ಟೆ ಸಿಕ್ಕಿಕೊಳ್ಳಲು ಗರಸು, ದಡದ ಅತ್ತಿಮರದಿಂದ ಉದುರುವ ಹಣ್ಣು ಇವೇ ಅವುಗಳ ಅನ್ನ ಮತ್ತು ಮನೆ. 1996ರಲ್ಲಿ ಶಿಶಿಲದ ಮಡುವಿಗೆ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತವು. ಒಂದೇ ಮಡುವಿನಲ್ಲಿ ಸೇರಿಕೊಂಡ ಜೀವಕ್ಕೆ ಓಡಿಹೋಗಲು ಇನ್ನೊಂದು ಮಡು ಬೇಕಿತ್ತು.

ಮನೆಯ ವಿಷಯಕ್ಕೆ ಬಂದರೆ, ಈ ಪ್ರಾಣಿಗಳಲ್ಲಿ ಹೆಚ್ಚಿನವು ತಾವಾಗಿ ಮನೆ ಕಟ್ಟುವವಲ್ಲ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡದ್ದನ್ನು ನಾವು ಗಾದೆ ಮಾಡಿ ಹಾವಿಗೆ ಕೆಟ್ಟ ಹೆಸರು ತಂದಿದ್ದೇವೆ. ನಿಜದಲ್ಲಿ ಅದು ಪಾಳುಬಿದ್ದ ಮನೆಗೆ ಬಂದ ಬಾಡಿಗೆದಾರ. ಹಾವಿಗೆ ತನ್ನದೇ ಮೈಬಿಸಿ ಇಲ್ಲ. ಬಿಸಿ ಬೇಕಾದಾಗ ಬಿಸಿಲಿಗೆ ಬರಬೇಕು, ಹೆಚ್ಚಾದಾಗ ಒಳಗೆ ಹೋಗಬೇಕು. ಮಧ್ಯಾಹ್ನವೂ ತಂಪಾಗಿ, ಚಳಿಯ ರಾತ್ರಿಯೂ ಬೆಚ್ಚಗೆ ಇರುವ ಒಂದು ಬಿಲ ಇಲ್ಲದಿದ್ದರೆ ಎಷ್ಟು ಊಟವಿದ್ದರೂ ಪ್ರಯೋಜನವಿಲ್ಲ. ನಮ್ಮ ಗದ್ದೆಯಲ್ಲಿ ಈ ಬಿಲ ಕೊರೆಯುವ ಗುತ್ತಿಗೆದಾರ ಏಡಿ. ಬದುವಿನಲ್ಲಿ ಅದು ತೋಡಿದ ಬಿಲದಲ್ಲಿ ಕಪ್ಪೆ, ಕಪ್ಪೆಯ ಹಿಂದೆ ನೀರುಹಾವು. ಬದು ತೂತಾಗಿ ನೀರು ಸೋರುತ್ತದೆಂದು ಅಣ್ಣ ಏಡಿಯನ್ನು ಬೈಯುತ್ತಾನೆ, ಅದೂ ಸರಿಯೇ. ಗೊಬ್ಬರಗುಂಡಿಯ ಪಕ್ಕದ ಮೆತ್ತನೆ ಮಣ್ಣಿನಲ್ಲಿ ಒಮ್ಮೆ ಎರೆಹುಳದಂತೆಯೂ ಅಲ್ಲದ, ಹಾವಿನಂತೆಯೂ ಅಲ್ಲದ ಒಂದು ಪ್ರಾಣಿ ಸಿಕ್ಕಿತು. ಕೆಲಸದವರು ಕತ್ತಿ ಎತ್ತಿದ್ದರು. ಅದು ಕಪ್ಪೆಯ ಬಳಗದ್ದು, ಕಾಲಿಲ್ಲ ಅಷ್ಟೆ. ತಾಯಿ ಮಣ್ಣಿನೊಳಗೆ ಮೊಟ್ಟೆಗಳ ಸುತ್ತ ಸುತ್ತಿಕೊಂಡು ಅವು ಒಡೆಯುವವರೆಗೆ ಕೂತಿರುತ್ತದೆ.

ಹಾವುಗಳಲ್ಲಿ ಸ್ವಂತ ಗೂಡು ಕಟ್ಟುವುದು ಕಾಳಿಂಗ ಒಂದೇ. ಹೆಣ್ಣು ಮೈಯನ್ನೇ ಕೈ ಮಾಡಿಕೊಂಡು ದರಗು ಗುಡ್ಡೆ ಹಾಕಿ ಅದರೊಳಗೆ ಮೊಟ್ಟೆಯಿಡುತ್ತದೆ. ಆಗುಂಬೆಯ ಸುತ್ತ ಇದರ ಅಧ್ಯಯನ ವರ್ಷಗಳಿಂದ ನಡೆದಿದೆ. 2024ರಲ್ಲಿ ಪಶ್ಚಿಮಘಟ್ಟದ ಕಾಳಿಂಗ ಬೇರೆಯೇ ಜಾತಿ ಎಂದು ತೀರ್ಮಾನಿಸಿ ಅದಕ್ಕೆ ನಮ್ಮ "ಕಾಳಿಂಗ" ಎಂಬ ಹೆಸರನ್ನೇ ಕೊಟ್ಟರು. ಆ ಸುದ್ದಿಯನ್ನು ಅಣ್ಣ ನನಗಿಂತ ಮೊದಲು ಓದಿ ಫೋನು ಮಾಡಿದ್ದ, ಹೆಮ್ಮೆ ಅವನ ದನಿಯಲ್ಲಿತ್ತು. ನಮ್ಮ ಸೊಪ್ಪಿನ ಬೆಟ್ಟದಲ್ಲಿ ಕಾಳಿಂಗ ಇದೆ ಎಂಬುದು ಅವನಿಗೆ ಮನೆತನದ ಮಾತು. ನಾನು ಆಗ ಕೇಳಿದೆ, ಕಾಳಿಂಗ ಏನು ತಿನ್ನುತ್ತದೆ? "ಹಾವು." ಯಾವ ಹಾವು? "ಕೇರೆ ಹಾವೇ ಜಾಸ್ತಿ." ಕೇರೆ ಏನು ತಿನ್ನುತ್ತದೆ? "ಇಲಿ... ಕಪ್ಪೆ." ಕಪ್ಪೆ ಎಲ್ಲಿ ಹುಟ್ಟುತ್ತದೆ? ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀ ಮಕ್ಕಳಿಗೆ ಪಾಠ ಮಾಡಿದ ಹಂಗೆ ನಂಗೆ ಮಾಡ್ಬೇಡ ಮಾರಾಯ್ತಿ" ಎಂದು ಫೋನಿಟ್ಟ.

ಅಡಿಕೆ ತೋಟ ಆದರೆ ನೀರೇನು ಬತ್ತಿಹೋಗುವುದಿಲ್ಲ. ಆದರೆ ಅಡಿಕೆಯ ಬೇರಿಗೆ ನಿಂತ ನೀರು ಆಗದು. ಸಾಲಿನ ನಡುವೆ ಆಳದ ಬಸಿಗಾಲುವೆ ತೋಡಿ ಬಿದ್ದ ಮಳೆಯನ್ನು ಆಗಿಂದಾಗಲೇ ಹಳ್ಳಕ್ಕೆ ಕಳಿಸಬೇಕು. ನಿಲ್ಲುತ್ತಿದ್ದ ನೀರು ಓಡುವ ನೀರಾಗುತ್ತದೆ. ಗೊಂಕರ ಕಪ್ಪೆಗೂ ಹತ್ತುಮೀನಿಗೂ ಇಷ್ಟೇ ಸಾಕು. ಇದರ ಮೇಲೆ ಕೊಳೆರೋಗದ ಔಷಧಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ. ಬೋರ್ಡೋ ಹೊಡೆಯದೆ ಅಡಿಕೆ ಉಳಿಯುವುದಿಲ್ಲ, ಅದನ್ನು ಬೇಡವೆನ್ನಲು ನಾನು ಯಾರು? ಆದರೆ ಆ ತಾಮ್ರ ಮೀನುಮರಿಗೂ ಗೊದಮೊಟ್ಟೆಗೂ ವಿಷ, ಮತ್ತು ಅವು ನೀರಿನಲ್ಲಿರುವ ದಿನಗಳೂ ಔಷಧಿ ಹೊಡೆಯುವ ದಿನಗಳೂ ಸರಿಯಾಗಿ ಒಂದರ ಮೇಲೊಂದು ಬಂದು ಕೂರುತ್ತವೆ. ಮರದ ಮೇಲಿನಿಂದ ತೊಟ್ಟಿಕ್ಕುವುದು ಸ್ವಲ್ಪ. ಡ್ರಮ್ಮು ತೊಳೆದು ಚೆಲ್ಲುವುದು, ಮಿಕ್ಕಿದ ದ್ರಾವಣವನ್ನು ಕಾಲುವೆಗೆ ಬಿಡುವುದು ಹೆಚ್ಚು.

ಸಂಕ್ರಾಂತಿಯ ಹೊತ್ತಿಗೆ ನಾವಿಬ್ಬರೂ ಗದ್ದೆಯ ಬದುವಿನ ಮೇಲೆ ಅಡ್ಡಾಡುತ್ತಾ ಮಾತಾಡಿದೆವು. ಅತ್ತಿಗೆಯೂ ಇದ್ದರು. ನಾನು ಸಹಿ ಹಾಕುತ್ತೇನೆ, ಮೇಲಿನ ಮೂರು ಗದ್ದೆ ತೋಟವಾಗಲಿ, ಒರತೆಯಿರುವ ಕೆಳಗದ್ದೆ ಬೇಡ ಎಂದೆ. ಅಣ್ಣ, ಕೆಳಗದ್ದೆಯೇ ಒಳ್ಳೆ ಮಣ್ಣು ಎಂದ. ಅತ್ತಿಗೆ ನನ್ನ ಕಡೆ ನೋಡಿ, "ಅಲ್ಲಿ ಎಷ್ಟು ಕಾಲುವೆ ತೋಡಿದ್ರೂ ನೀರು ಬಸಿಯಲ್ಲ, ಮಾವ ಇದ್ದಾಗ್ಲೇ ಹೇಳ್ತಿದ್ರು, ಗಿಡ ಹಳದಿಯಾಗ್ತದೆ" ಎಂದರು. ಆ ಮಾತು ಕಪ್ಪೆಗಳ ಪರವಾಗಿ ನಾನಾಡಿದ ಎಲ್ಲ ಮಾತಿಗಿಂತ ಹೆಚ್ಚು ಕೆಲಸ ಮಾಡಿತು. ಸಾಲ ಮುಕ್ಕಾಲು ಎಕರೆಗೆ ಬಂತು. ಫೆಬ್ರವರಿಯಲ್ಲಿ ಜೆಸಿಬಿ ಮೇಲಿನ ಮೂರು ಗದ್ದೆಗಳ ಬದು ಒಡೆಯಿತು. ನಾನು ಆ ದಿನ ಊರಿಗೆ ಹೋಗಲಿಲ್ಲ. ಔಷಧಿಯ ಡ್ರಮ್ಮನ್ನು ಕೊಟ್ಟಿಗೆಯ ಹಿಂದೆ ಇಟ್ಟು, ತೊಳೆದ ನೀರಿಗೆ ಬೇರೆ ಗುಂಡಿ ಮಾಡಿದ್ದಾನೆ. ಆ ಗುಂಡಿ ಹಳ್ಳದಿಂದ ಇನ್ನೂ ದೂರ ಇರಬೇಕಿತ್ತು ಎಂದು ನನಗನ್ನಿಸುತ್ತದೆ, ಹೇಳಿದ್ದೇನೆ.

ಈ ಮಳೆಗಾಲ ಒರತೆ ಗುಂಡಿಯ ಮೇಲಿನ ಪೊದೆಯಲ್ಲಿ ಏಳು ನೊರೆಗೂಡು ಎಣಿಸಿದೆ. ಹೋದ ವರ್ಷ ಪೊದೆಯೇ ಇರಲಿಲ್ಲ, ಆದ್ದರಿಂದ ಹೆಚ್ಚೋ ಕಮ್ಮಿಯೋ ಹೇಳಲಾರೆ. ಗೊಂಕರ ಕಪ್ಪೆ ಕೂಗಿದ್ದು ಎರಡೇ ರಾತ್ರಿ. ಮೇಲಿನ ಮೂರು ಗದ್ದೆಗಳ ಕಪ್ಪೆಗಳೂ ಒಂದೇ ಗದ್ದೆಗೆ ಬಂದದ್ದಕ್ಕೋ ಏನೋ, ಕಿವಿ ಕಿವುಡಾಗುವ ಹಾಗೆ ಕೂಗಿದವು ಎಂದು ಅತ್ತಿಗೆ ಫೋನಿನಲ್ಲಿ ಹೇಳಿ, ಫೋನನ್ನೇ ಕಿಟಕಿಗೆ ಹಿಡಿದರು. ಹತ್ತುಮೀನು ಬಂದಿತ್ತೇ ಇಲ್ಲವೇ ಎಂಬುದರಲ್ಲಿ ಒಮ್ಮತವಿಲ್ಲ. ಬಂದಿತ್ತು ಎನ್ನುತ್ತಾನೆ ಅಣ್ಣ, ಆದರೆ ಕೂಣಿ ಇಟ್ಟಿರಲಿಲ್ಲವಂತೆ. ನಂಬುವುದು ಸ್ವಲ್ಪ ಕಷ್ಟ.

ಈಗ ಕೆಳಗದ್ದೆಯ ಭತ್ತ ಹಣ್ಣಾಗಿದೆ. ಒಂದೇ ಒಂದು ಗದ್ದೆಯ ಕೊಯ್ಲಿಗೆ ಯಾರೂ ಬರುವುದಿಲ್ಲ, ಮಿಷನ್ನು ಆ ಕೆಸರಿಗೆ ಇಳಿಯುವುದಿಲ್ಲ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಶಾಲೆಯ ಇಬ್ಬರು ಸಹೋದ್ಯೋಗಿಗಳನ್ನು ಕರಕೊಂಡು ಬರುತ್ತೇನೆಂದು ಅಣ್ಣನಿಗೆ ಹೇಳಿದ್ದೇನೆ. ಕುಡುಗೋಲು ನಾಲ್ಕಿವೆಯಂತೆ, ಎರಡಕ್ಕೆ ಹಿಡಿ ಹಾಕಿಸಬೇಕಂತೆ.